ಪೆಟ್ರೋಲ್ ಮುಚ್ಚಳಕ್ಕ ಕೀಲಿ ಬಂದ ಕಥಿ

ಮಳಿಗಾಲ ಮುಗಿಯೋ ಹೊತ್ತಿಗೆ ನಮ್ಮ ಓಣ್ಯಾಗ ಒಬ್ಬರದಿಲ್ಲ ಒಬ್ಬರ ಕಾರಿಂದು ಇದೇ ತಕರಾರು. ಪೆಟ್ರೋಲ್ ಪಂಪಿಗೆ ಹೋಗಿ ನಿಂತಾರ, ಒಳಗಿನ ಹಿಡಿಕಿ ಎಳದಾರ, ಆದ್ರ ಹಿಂದಿನ ಮುಚ್ಚಳ ತೆರೀವಲ್ದು. ಸಾಲಿನ್ಯಾಗ ಹಿಂದ ನಿಂತವರು ಹಾರ್ನ್ ಹೊಡಿಲಿಕ್ಕೆ ಶುರು. ಗಂಡಸರಾದ್ರ ಇಳದು ಹೋಗಿ ಮುಷ್ಟಿಲೆ ಗುದ್ದತಾರ. ಒಬ್ಬಾಕಿನೇ ಗಾಡಿ ತೊಗೊಂಡು ಹೋದಾಕಿ, ಅದೂ ಕತ್ತಲಾದ ಮ್ಯಾಲ, ಕಾಟಾ ಕೆಂಪಿಗೆ ಬಂದಾಗ ಏನು ಮಾಡಬೇಕು? ಬಿಡಸೋದು ಹೆಂಗ ಅಂತ ಹೇಳ್ತೀನ್ರಿ. ಆದ್ರ ಅದಕಿಂತ ಮೊದಲ ಈ ಮುಚ್ಚಳಕ್ಕ ಕೀಲಿ ಯಾಕ ಬಂತು ಅನ್ನೋದು ಕೇಳ್ರಿ. ಅದು ಗೊತ್ತಾದ್ರ ಕೈ ಎಲ್ಲೆ ಹಾಕಬೇಕು ಅನ್ನೋದು ಅರ್ಧ ಗೊತ್ತಾದಂಗ.

ಮೊದಲಿನ ಕಾರಿಗೆ ಈ ಚಿಂತಿನೇ ಇದ್ದಿದ್ದಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಾಗ ತನ್ನ ಮೂರು ಗಾಲಿ ಗಾಡಿಗೆ ಪೇಟೆಂಟ್ ತೊಗೊಂಡ. ಅದನ್ನ ದೂರದ ಊರಿಗೆ ಓಡಿಸಿ ತೋರಿಸಿದಾಕಿ ಅವನ ಹೆಂಡತಿ ಬರ್ಥಾ. 1888ರ ಆಗಸ್ಟದಾಗ ಗಂಡಗ ಹೇಳದನ, ಇಬ್ಬರು ಗಂಡುಮಕ್ಕಳನ್ನ ಕರಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮಿಗೆ, ತನ್ನ ತಾಯಿ ಮನಿಗೆ ಹೊಂಟ್ಲು. ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಆಗೆಲ್ಲಿ ಪಂಪು! ವೀಸ್ಲೋಖ್ ಅನ್ನೋ ಊರಾಗ ಔಷಧದ ಅಂಗಡಿಗೆ ಹೋಗಿ, ಬಟ್ಟಿ ಮ್ಯಾಲಿನ ಕಲಿ ತಗೀಲಿಕ್ಕೆ ಮಾರೋ ಲಿಗ್ರೋಯಿನ್ ಎಣ್ಣಿ ಕೊಂಡು ಗಾಡಿಗೆ ಸುರುವಿದ್ಲು. ಮುಂದ ಎಣ್ಣಿ ಹರಿಯೋ ನಳಿಗಿ ಕಟ್ಟಿದಾಗ ತನ್ನ ಟೋಪಿಗೆ ಚುಚ್ಚೋ ಪಿನ್ನು ತಗದು ಬಿಡಸಿದ್ಲು. ಅಂದ್ರ ಕಾರಿನ ಎಣ್ಣಿ ಹಾದಿ ಕಟ್ಟಿದಾಗ ಅದನ್ನ ಮೊದಲು ರಿಪೇರಿ ಮಾಡಿದ ಹೆಸರುವಾಸಿ ಕೈ ಹೆಂಗಸಿಂದು. ಗಂಡಸರ ಮುಂದ ಇದೊಂದು ಮಾತು ನೆನಪಿಟ್ಟು ಹೇಳ್ರಿ.

ಅಮೆರಿಕಾದಾಗ 1908ರಿಂದ 1927ರ ತನಕ ನಡದ ಫೋರ್ಡ್ ಮಾಡೆಲ್ ಟಿ ಗಾಡಿಯೊಳಗ ಟಾಕಿ ಇದ್ದದ್ದು ಹೆಚ್ಚಾಗಿ ಮುಂದಿನ ಸೀಟಿನ ಕೆಳಗ. ಪೆಟ್ರೋಲ್ ಹಾಕಬೇಕಂದ್ರ ಕೂತವರೆಲ್ಲಾ ಇಳೀಬೇಕು, ಗಾದಿ ಎತ್ತಬೇಕು. ನಮ್ಮ ಹಳೇ ಆಕ್ಟಿವಾ ನೆನಸಿಕೊಳ್ರಿ, ಥೇಟ್ ಹಂಗ. ಎಷ್ಟು ಉಳದದ ಅಂತ ನೋಡ್ಲಿಕ್ಕೆ ಕಾಟಾ ಇಲ್ಲ, ಕಟಗಿ ಕಡ್ಡಿ ಅದ್ದಿ ನೋಡೋದು. ಪಂಪ್ ಇಲ್ಲದ ಎಂಜಿನ್ನು, ಪೆಟ್ರೋಲ್ ತನ್ನಷ್ಟಕ್ಕ ಇಳಕಲಿಗೆ ಹರಿದು ಬರಬೇಕು. ಅದಕ್ಕ ಟಾಕಿ ತಳ ಕಂಡಾಗ ಗುಡ್ಡಾ ಹತ್ತಬೇಕಂದ್ರ ಗಾಡಿ ತಿರುವಿ ಹಿಮ್ಮುಖ ಹತ್ತಸ್ತಿದ್ರಂತ! ಅದರ ಮುಂದಿನ ಮಾಡೆಲ್ ಎ ಗಾಡಿಗೆ ಟಾಕಿ ಮುಂದಿನ ಕಾಜಿನ ಮುಂದ, ಕೂತವರ ಮೊಣಕಾಲಿನ ಹತ್ತರನ ಬಂತು. ಎರಡರಾಗೂ ಪೆಟ್ರೋಲ್ ಕೂತವರ ಹತ್ತರನ ಇತ್ತು.

ಟಾಕಿ ಹಿಂದಕ್ಕ ಸರದ ಮ್ಯಾಲ ಅದರ ಬಾಯಿ ಹೊರಗ ಕಾಣಿಸಲಿಕ್ಕೆ ಹತ್ತು. ಕಂಪನಿಯವರಿಗೆ ಅದು ಚಂದ ಕಾಣಿಸ್ಲಿಲ್ಲ, ಮುಚ್ಚಿಡೋ ಹುಚ್ಚು ಹತ್ತಿತು. 1941ರ ಕ್ಯಾಡಿಲ್ಯಾಕಿಗೆ ಹಿಂದಿನ ಎಡಗಡೆ ದೀಪದ ಕೆಳಗ ಅಡಗಿಸಿದ್ರು. 1957ರ ಶೆವ್ರೊಲೆ ಗಾಡಿ ಹಿಂದ ಮೀನಿನ ರೆಕ್ಕಿ ಹಂಗ ಇದ್ದದ್ದರ ಅಂಚಿನ್ಯಾಗ ಅಡಗಿಸಿದ್ರು. ಇನ್ನ ಎಷ್ಟೋ ಗಾಡಿಗೆ ನಂಬರ್ ಪ್ಲೇಟಿನ ಹಿಂದ, ಪ್ಲೇಟ್ ಬಗ್ಗಿಸಿದ್ರ ಸಾಕು, ಬಾಯಿ ಸಿಗ್ತಿತ್ತು. ಪಂಪಿಗೆ ಯಾವ ಮಗ್ಗಲಿನಿಂದ ಹೋದ್ರೂ ನಡೀತಿತ್ತು ನೋಡ್ರಿ, ಅದು ಮಾತ್ರ ಶಾಣ್ಯಾತನ. ಆದ್ರ ಹಿಂದಿನಿಂದ ಮತ್ತೊಂದು ಗಾಡಿ ಬಂದು ಬಡದ್ರ ಪೆಟ್ಟು ಬೀಳೋದು ಮೊದಲು ಅಲ್ಲೇ. ಫೋರ್ಡಿನ ಪಿಂಟೋ ಗಾಡಿಯೊಳಗ ಹಿಂದಿನ ಪೆಟ್ಟಿಗೆ ಟಾಕಿ ಒಡದು ಬೆಂಕಿ ಹತ್ತಿದ ಪ್ರಕರಣ ಕೋರ್ಟು ಕಂಡವು. 1978ರಾಗ ಕಂಪನಿ ಸುಮಾರು 15 ಲಕ್ಷ ಗಾಡಿ ವಾಪಸ್ ಕರೆಸಬೇಕಾತು. ನಿಧಾನಕ್ಕ ಎಲ್ಲಾರೂ ಬಾಯಿ ಮಗ್ಗಲಿಗೆ ತಂದ್ರು.

ಅಲ್ಲೀತನಕ ಹೆಚ್ಚಿನ ಗಾಡಿಗೆ ಇದ್ದದ್ದು ಬರೇ ಮುಚ್ಚಳ. ಕೀಲಿ ಹಾಕಬೇಕು ಅಂತ ಜನಕ್ಕ ಅನಿಸಿದ್ದು 1973ರಾಗ. ಆ ವರ್ಷ ಅಕ್ಟೋಬರದಾಗ ಅರಬ್ ದೇಶದವರು ಅಮೆರಿಕಾಕ್ಕ ಎಣ್ಣಿ ಕೊಡೂದಿಲ್ಲ ಅಂದ್ರು. ಕಚ್ಚಾ ಎಣ್ಣಿ ಪೀಪಾಯಿಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳೊಳಗ ಸುಮಾರು 12ಕ್ಕ ಏರಿತು. ಪಂಪಿನ ಮುಂದ ಮೈಲುದ್ದ ಸಾಲು. ನಮ್ಮ ದೇಶಕ್ಕೂ ಅದರ ಬಿಸಿ ತಟ್ಟಿತು. ಪೆಟ್ರೋಲ್ ದರ ಏರಿಸಿದ್ದಕ್ಕ ವಾಜಪೇಯಿಯವರು ಆ ನವೆಂಬರದಾಗ ಎತ್ತಿನ ಗಾಡಿಯೊಳಗ ಪಾರ್ಲಿಮೆಂಟಿಗೆ ಹೋಗಿದ್ರು. ಬೆಲೆ ಬಂದ ವಸ್ತುಕ್ಕ ಕಳ್ಳರು ಬಂದೇ ಬರ್ತಾರ. ರಾತ್ರಿ ಮನಿ ಮುಂದ ನಿಲ್ಲಿಸಿದ ಗಾಡಿಗೆ ರಬ್ಬರ್ ಪೈಪ್ ಇಳಿಬಿಟ್ಟು, ಬಾಯಿಲೆ ಒಮ್ಮೆ ಎಳದು ಡಬ್ಬಿಗೆ ಹಿಡದ್ರ ಆತು, ಟಾಕಿ ಖಾಲಿ. ಅಮೆರಿಕಾದ ಮಂದಿ ಅಂಗಡಿಗೆ ಓಡಿ ಕೀಲಿ ಇರೋ ಮುಚ್ಚಳ ತಂದು ಹಾಕಿದ್ರು. ಹಿಟ್ಟಿನ ಡಬ್ಬಿಗೆ ಕೀಲಿ ಹಾಕೋ ಕಾಲ ಬಂದಂಗ.

ಆದ್ರ ಪ್ರತಿ ಸರ್ತಿ ಇಳದು ಕೀಲಿ ತಗೀಬೇಕು, ಪಂಪಿನವನ ಕೈಯಾಗ ಕೀಲಿಕೈ ಗೊಂಚಲಾ ಕೊಡಬೇಕು. ಈ ತ್ರಾಸಿಗೆ ಪರಿಹಾರ ಅಂತ ಸೀಟಿನ ಮಗ್ಗಲಾಗೇ ಹಿಡಿಕಿ ಬಂತು. 1980ರ ದಶಕದೊಳಗ ಜಪಾನಿನ ಕಾರುಗಳಿಗೆ ಅದು ಸಾಮಾನ್ಯ ಆತು. 1983ರ ಡಿಸೆಂಬರದಾಗ ಸುಜುಕಿ ಜೋಡಿ ಸೇರಿ ಮಾಡಿದ ಮಾರುತಿ 800 ಬಂದ ಮ್ಯಾಲ ಜಪಾನಿ ಪದ್ಧತಿ ನಮ್ಮ ಅಂಗಳಕ್ಕೂ ಬಂತು. ಹಿಡಿಕಿಯಿಂದ ಮುಚ್ಚಳದ ತನಕ ಹೋಗೋದು ಒಂದು ವಾಯರ್. ಕೊಳವಿಯೊಳಗ ಜಾರೋ ಇಂಥಾ ವಾಯರಿಗೆ ಬೌಡನ್ ಅನ್ನೋ ಮನಷ್ಯಾ 1896ರಾಗ ಪೇಟೆಂಟ್ ತೊಗೊಂಡಿದ್ದ. ಸೈಕಲ್ ಬ್ರೇಕಿಗೆ ಇರ್ತದಲ್ಲ, ಅದೇ. ಸೈಕಲ್ ಬ್ರೇಕ್ ಸಡ್ಲಾಗೋದು ನಮಗ್ಯಾರಿಗೆ ಗೊತ್ತಿಲ್ಲ? ಇದೂ ಹಂಗ ಸಡ್ಲಾಗ್ತದ.

ಈಗ ಬಿಡಸೋ ಮಾತು. ಹಿಡಿಕಿ ಎಳದಾಗ ವಾಯರ್ ಒಂದು ಸಣ್ಣ ಕೊಕ್ಕಿ ಹಿಂದಕ್ಕ ಜಗ್ತದ, ಸ್ಪ್ರಿಂಗ್ ಪಟ್ಟಿ ಮುಚ್ಚಳನ್ನ ಹೊರಗ ನೂಕ್ತದ. ಪಟ್ಟಿ ಸೋತಿದ್ರ ಅಥವಾ ಕೀಲಿನ್ಯಾಗ ಧೂಳು, ತುಕ್ಕು ಕೂತಿದ್ರ ಕೊಕ್ಕಿ ಬಿಟ್ರೂ ಮುಚ್ಚಳ ಮ್ಯಾಲ ಏಳೂದಿಲ್ಲ. ಅದಕ್ಕ ಇದು ಇಬ್ಬರ ಕೆಲಸ. ಒಬ್ಬಾಕಿ ಹಿಡಿಕಿ ಎತ್ತಿ ಹಿಡೀಬೇಕು, ಬಿಡಬಾರದು. ಇನ್ನೊಬ್ಬಾಕಿ ಅಂಗೈಲೆ ಮುಚ್ಚಳ ಮೆಲ್ಲಕ ಒಳಗ ಒತ್ತಿ ಬಿಟ್ಟು, ಅಂಚಿಗೆ ಹಳೇ ಎಟಿಎಂ ಕಾರ್ಡ್ ಸೇರಿಸಿ ಎತ್ತಬೇಕು. ಒಬ್ಬಾಕಿನೇ ಇದ್ರ ಪಂಪಿನ ಹುಡುಗಗ "ಮುಚ್ಚಳ ಒತ್ತಿ ಎತ್ತಪ್ಪಾ" ಅಂತ ಹೇಳ್ರಿ, ನೀವು ಹಿಡಿಕಿ ಹಿಡ್ಕೊಂಡಿರ್ರಿ. ಸ್ಕ್ರೂಡ್ರೈವರ್ ಮಾತ್ರ ಬ್ಯಾಡ, ಬಣ್ಣಾ ಹೋಗ್ತದ, ಪ್ಲಾಸ್ಟಿಕ್ ಕೊಕ್ಕಿ ಮುರೀತದ. ತೆರದ ಮ್ಯಾಲ ಕೀಲು ಒರೆಸಿ ಹೊಲಿಗಿ ಮಶೀನಿನ ಎಣ್ಣಿ ಎರಡು ಹನಿ ಬಿಡ್ರಿ. ಕೊಬ್ಬರಿ ಎಣ್ಣಿ ಬಿಡಬ್ಯಾಡ್ರಿ, ಜಿಗಟಾಗಿ ಮತ್ತ ಧೂಳು ಹಿಡೀತದ.

ಹಿಡಿಕಿ ಎಳದಾಗ ಕೈಗೆ ಏನೂ ಬಿಗಿ ಹತ್ತದನ ಸಡ್ಲಾಗಿ ಬಂತಂದ್ರ ವಾಯರ್ ಕಳಚ್ಯದ ಇಲ್ಲಾ ಹರದದ. ಹಿಡಿಕಿನೇ ಇಲ್ಲದ ಹೊಸ ಗಾಡಿಯೊಳಗ ಬಾಗಲಾ ತಗಿಯೋ ರಿಮೋಟ್ ಜೋಡಿನೇ ಒಂದು ಸಣ್ಣ ಮೋಟರ್ ಇದರ ಕೀಲಿ ತಗೀತದ. ಮೊದಲು ನಾಕೂ ಬಾಗಲಾ ಲಾಕ್ ಮಾಡಿ ಮತ್ತ ತಗದು ನೋಡ್ರಿ, ಮುಚ್ಚಳದ ಹತ್ತರ ಟಕ್ ಅಂತದೇನು ಕಿವಿಗೊಡ್ರಿ. ಅನ್ನಲಿಲ್ಲಂದ್ರ ಫ್ಯೂಜ್, ಬ್ಯಾಟರಿ ಇಲ್ಲಾ ಆ ಮೋಟರ್ ಕೆಟ್ಟಿರ್ತದ. ಇಂಥಾ ಹೊತ್ತಿಗಂತನ ಎಷ್ಟೋ ಕಂಪನಿಯವರು ಡಿಕ್ಕಿಯೊಳಗ, ಮುಚ್ಚಳ ಇದ್ದ ಮಗ್ಗಲಿನ ಹೊದಿಕಿ ಹಿಂದ, ಕೈಲೆ ಎಳಿಯೋ ಒಂದು ದಾರ ಇಟ್ಟಿರ್ತಾರ.

ಮುಚ್ಚಳ ಯಾವ ಮಗ್ಗಲು ಅಂತ ಕತ್ತಲಾಗ ಮರೆತ್ರ ಪೆಟ್ರೋಲ್ ಕಾಟಾದ ಹತ್ತರ ಸಣ್ಣ ಬಾಣ ನೋಡ್ರಿ. ಫೋರ್ಡ್ ಕಂಪನಿಯ ಜಿಮ್ ಮೋಯ್ಲನ್ 1986ರಾಗ ಮಳ್ಯಾಗ ಪಂಪಿಗೆ ಹೋಗಿ, ಗಾಡಿ ತಪ್ಪು ಮಗ್ಗಲಿಗೆ ನಿಲ್ಲಿಸಿ ತೊಯ್ಸಿಕೊಂಡು ಬಂದ. ಬಂದಾವನ ಬಾಣ ಹಾಕ್ರಿ ಅಂತ ಕಂಪನಿಗೆ ಚೀಟಿ ಬರದ. 1989ರ ಮಾಡೆಲ್ಲಿನಿಂದ ಬಾಣ ಬಂತು. ಹೋದ ರವಿವಾರ ನಮ್ಮ ಓಣಿಯ ನಾಕು ಕಾರಿನ ಡಿಕ್ಕಿ ಖಾಲಿ ಮಾಡಿ, ಬಾಣದ ಮಗ್ಗಲಿಗೆ ಕೈ ಹಾಕಿ ಹುಡುಕಿದ್ವಿ. ಎರಡರಾಗ ದಾರ ಸಿಕ್ತು, ಒಂದರಾಗ ಬರೇ ವಾಯರಿನ ತುದಿ, ನಾಕನೇದರಾಗ ಏನೂ ಸಿಗಲಿಲ್ಲ. ಅದರ ಪುಸ್ತಕ ವೈನಿ ಮನಿ ಅಟ್ಟದ ಮ್ಯಾಲ ಅದ ಅಂತ, ಇಳಸಬೇಕು.