ಯುರಾಂಡ್ವೋರಿನ ದಾನಶಾಸನ

ಕ್ರೊಯೇಷಿಯಾ ದೇಶದ ಕರ್ಕ್ ದ್ವೀಪದಲ್ಲಿ, ಬಾಷ್ಕ ಪಟ್ಟಣದ ಸಮೀಪದಲ್ಲಿ, ಯುರಾಂಡ್ವೋರ್ ಎಂಬ ಪುಟ್ಟ ಗ್ರಾಮವಿರುವುದು. ಅಲ್ಲಿಯ ಸಂತ ಲೂಸಿಯಳ ದೇವಾಲಯಕ್ಕಾಗಿ ಸುಮಾರು 1100ರಲ್ಲಿ 13 ಪಂಕ್ತಿಗಳ ಶಿಲಾಶಾಸನವೊಂದನ್ನು ಸ್ಲಾವರ ಪುರಾತನವಾದ ಗ್ಲಗೊಲಿಟಿಕ್ ಲಿಪಿಯಲ್ಲಿ ಕೆತ್ತಿಸಿದರು. ದೊರೆ ಜ್ವೊನಿಮಿರನು ಭೂದಾನವನ್ನಿತ್ತುದನ್ನೂ, ಮಠಾಧಿಪತಿ ದೊಬ್ರೊವಿತನು 9 ಮಂದಿ ಸನ್ಯಾಸಿಗಳೊಡನೆ ದೇವಾಲಯವನ್ನು ಕಟ್ಟಿದುದನ್ನೂ ಅದು ಸಾರುವುದು. ದಾನವನ್ನು ಅಲ್ಲಗಳೆವವನಿಗೆ ದೇವರೂ, 12 ಮಂದಿ ಶಿಷ್ಯರೂ, 4 ಮಂದಿ ಸುವಾರ್ತಿಕರೂ, ಸಂತ ಲೂಸಿಯಳೂ ಶಾಪವೀಯಲೆಂದು ಅದರಲ್ಲಿ ಬರೆದಿದೆ.

ಇಷ್ಟು ಕಾವಲಿದ್ದರೂ ಆ ಕಲ್ಲು ಕಾಲಾಂತರದಲ್ಲಿ ದೇವಾಲಯದ ಹಾಸುಗಲ್ಲಾಗಿ ಜನರ ಕಾಲ ಕೆಳಗೆ ಬಿದ್ದಿತು. 1851ರಲ್ಲಿ ಪೇತರ್ ದೊರ್ಚಿಚ್ ಎಂಬವನು ಅದರ ಅಕ್ಷರಗಳನ್ನು ಗುರುತಿಸಿದನು. 1934ರಲ್ಲಿ ಅದನ್ನು ಜಾಗ್ರೆಬ್ ನಗರದ ಅಕಾಡೆಮಿಗೆ ಸಾಗಿಸಿದರು. ಗ್ರಾಮದಲ್ಲಿ ಈಗ ಇರುವುದು ಪ್ರತಿಕೃತಿ. ಶಾಪವು ಕಾಯಲಾರದ ಕಲ್ಲನ್ನು ಓದಬಲ್ಲವನ ಕಣ್ಣು ಕಾಯಿತು.