ನಾಗಸ್ವರದ ಮನೆಯಿಂದ ಜಾಜ್ ವೇದಿಕೆಗೆ

ಸ್ಯಾಕ್ಸೊಫೋನ್ ನಮ್ಮ ಕರಾವಳಿಗೆ ಪರಕೀಯವೆಂದು ಈಗ ಯಾರೂ ಹೇಳಲಾರರು. ಕಾಸರಗೋಡಿನಿಂದ ಉಡುಪಿಯವರೆಗೆ ದೇವಸ್ಥಾನದ ಉತ್ಸವದಲ್ಲಿ, ಮದುವೆಯ ಚಪ್ಪರದಲ್ಲಿ ಅದರ ನಾದ ಕೇಳಿಬರುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯವಿದೆಂಬುದು ಕೇಳುವವರ ನೆನಪಿಗೂ ಬರುವುದಿಲ್ಲ. ಆದರೆ ಇದೇ ವಾದ್ಯದ ಮೂಲಕ ಕನ್ನಡನಾಡು ಅಮೆರಿಕದ ಜಾಜ್ ಸಂಗೀತದೊಡನೆ ನಡೆಸಿದ ಕೊಡುಕೊಳೆಯ ಚರಿತ್ರೆಯನ್ನು ನಾವು ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ.

ಈ ಚರಿತ್ರೆಯ ಮೊದಲ ಹೆಸರು ಕದ್ರಿ ಗೋಪಾಲನಾಥರದು. ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ, ಹುಟ್ಟಿದ್ದು 1949ರಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಅದಕ್ಕೆ ಮನಸೋತರು. ಮಂಗಳೂರಿನ ಗೋಪಾಲಕೃಷ್ಣ ಅಯ್ಯರ್, ಅನಂತರ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಅವರ ಶಿಕ್ಷಣ ನಡೆಯಿತು. ಕೀಲಿಗಳಿಂದ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಲು ರೂಪಿಸಿದ ವಾದ್ಯದಲ್ಲಿ ಗಮಕವನ್ನು ಹೊರಡಿಸುವುದು ಸುಲಭದ ಮಾತಲ್ಲ. ತುಟಿಯ ಬಿಗಿತ, ಉಸಿರಿನ ಒತ್ತಡಗಳಿಂದಲೇ ಸ್ವರವನ್ನು ಬಾಗಿಸಬೇಕು. ನಾಗಸ್ವರದ ಮನೆಯಲ್ಲಿ ಬೆಳೆದವರಿಗೆ ಆ ಉಸಿರಿನ ವಿದ್ಯೆ ಹೊಸದಾಗಿರಲಿಲ್ಲವೆಂದು ನಾವು ಭಾವಿಸುತ್ತೇವೆ.

1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅವರನ್ನು ಕೇಳಿ, ಜೊತೆಗೂಡಿ ನುಡಿಸಿದರು. ಹ್ಯಾಂಡಿ ಅದಕ್ಕೂ ಮೊದಲೇ ಅಲಿ ಅಕ್ಬರ್ ಖಾನರ ಸರೋದಿನೊಡನೆ ಧ್ವನಿಮುದ್ರಣ ಮಾಡಿದ್ದವರು. ಜಾಜ್ ಕಲಾವಿದರ ಕಿವಿ ಇತ್ತ ತಿರುಗಿದ್ದು ಆಕಸ್ಮಿಕವೇನಲ್ಲ. 1950ರ ದಶಕದ ಕೊನೆಗೆ ಅವರಲ್ಲಿ ಅನೇಕರು ಕ್ಷಣಕ್ಷಣಕ್ಕೂ ಬದಲಾಗುವ ಕಾರ್ಡ್‌ಗಳ ಕಟ್ಟಿನಿಂದ ಬೇಸತ್ತು, ಒಂದೇ ಸ್ವರಶ್ರೇಣಿಯಲ್ಲಿ ದೀರ್ಘಕಾಲ ವಿಹರಿಸುವ ಪದ್ಧತಿಗೆ ಬಂದಿದ್ದರು. ಆಲಾಪನೆಗೆ ಅದು ಹತ್ತಿರದ ದಾರಿ. ಜಾನ್ ಕೋಲ್ಟ್ರೇನ್ ತಮ್ಮ ಮಗನಿಗೆ ರವಿಶಂಕರರ ನೆನಪಿನಲ್ಲಿ ರವಿ ಎಂದೇ ಹೆಸರಿಟ್ಟರು.

ಇದಕ್ಕೆ ಪ್ರತಿಯಾದ ಇನ್ನೊಂದು ಪಯಣವಿದೆ. ಬಾಸ್ಟನ್ನಿನಲ್ಲಿ 1923ರಲ್ಲಿ ಜನಿಸಿದ ಚಾರ್ಲಿ ಮರಿಯಾನೊ, ಹ್ಯಾಂಡಿಯಂತೆಯೇ ಚಾರ್ಲ್ಸ್ ಮಿಂಗಸರ ಬಳಗದಲ್ಲಿ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕರು. ನಾಗಸ್ವರದವರ ಮಗ ಸ್ಯಾಕ್ಸೊಫೋನ್ ಹಿಡಿದರೆ, ಈ ಅಮೆರಿಕನ್ ಸ್ಯಾಕ್ಸೊಫೋನ್ ವಾದಕರು ನಾಗಸ್ವರ ಹಿಡಿದರು! ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಳಗದೊಡನೆ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಗಾಗಿ ಅವರು ಮುದ್ರಿಸಿದ ‘ಜ್ಯೋತಿ’ ನಮ್ಮ ದೃಷ್ಟಿಯಲ್ಲಿ ಈ ಬಗೆಯ ಪ್ರಯತ್ನಗಳಲ್ಲಿ ಶ್ರೇಷ್ಠವಾದುದು. ಟಿ. ಎ. ಎಸ್. ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರರ ಖಂಜಿರ, ಆರ್. ಎ. ರಮಾಮಣಿಯವರ ಕಂಠ. ರಚನೆಗಳಲ್ಲಿಯೂ ರಮಾಮಣಿಯವರದೇ ಮುಖ್ಯ ಕೈ. ಇಲ್ಲಿ ತಾಳವಾದ್ಯಗಳು ವಿದೇಶಿ ಏಕವಾದನಕ್ಕೆ ಹಾಸಿದ ಜಮಖಾನೆಯಲ್ಲ. ಮರಿಯಾನೊ ಅನೇಕ ಕಡೆ ಹಿಂದೆ ಸರಿದು ಕಂಠಕ್ಕೆ ಎಡೆಮಾಡಿಕೊಡುತ್ತಾರೆ. ಆದರೂ ಅಂಗಡಿಯ ಕಪಾಟಿನಲ್ಲಿ ಆ ತಟ್ಟೆ ದೊರೆಯುವುದು ಮರಿಯಾನೊ ಹೆಸರಿನಲ್ಲಿ. 

ಮುಂದಿನ ತಲೆಮಾರಿನವರು ರುದ್ರೇಶ ಮಹಾಂತಪ್ಪ. ಹೆಸರು ಕೇಳಿದರೆ ನೆರೆಮನೆಯವರೆನ್ನಿಸುತ್ತದೆ. ಇವರು 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದರು. ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಅಣ್ಣ ತಮಾಷೆಗೆಂದು ಕೊಟ್ಟದ್ದೇ ಇವರ ದಾರಿಯನ್ನು ತಿರುಗಿಸಿತು. ಅನಂತರ ಗೋಪಾಲನಾಥರೊಡನೆಯೇ ಕೂಡಿ, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್‌ಗಳೊಂದಿಗೆ 2008ರಲ್ಲಿ ‘ಕಿನ್ಸ್‌ಮೆನ್’ ಹೊರತಂದರು, ಬಂಧುಗಳು ಎಂದರ್ಥ. ಒಂದೇ ವಾದ್ಯದ ಎರಡು ಉಸಿರುಗಳನ್ನು ಅಲ್ಲಿ ಅಕ್ಕಪಕ್ಕದಲ್ಲಿ ಕೇಳಬಹುದು: ಒಂದು ಸ್ವರವನ್ನು ತೂಗುತ್ತದೆ, ಇನ್ನೊಂದು ಚುಚ್ಚುತ್ತದೆ. ಮಹಾಂತಪ್ಪನವರು ಅಲ್ಲಿಗೇ ನಿಲ್ಲಲಿಲ್ಲ. ಪಿಯಾನೊ ವಾದಕ ವಿಜಯ್ ಅಯ್ಯರ್ ಜೊತೆಗೆ ಜೋಡಿವಾದನ, ಅಬ್ಬಾಸಿ ಹಾಗೂ ತಬಲಾ ನುಡಿಸುವ ಡ್ಯಾನ್ ವೈಸ್ ಜೊತೆಗೆ ‘ಇಂಡೋ-ಪಾಕ್ ಕೊಲಿಷನ್’, 2013ರ ‘ಗಮಕ್’, ಚಾರ್ಲಿ ಪಾರ್ಕರರನ್ನು ನೆನೆಯುವ 2015ರ ‘ಬರ್ಡ್ ಕಾಲ್ಸ್’ ಎಂದು ಬಗೆಬಗೆಯ ಕೆಲಸಗಳು ನಡೆದಿವೆ.

ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಅವರಿಗೆ ಪದ್ಮಶ್ರೀ ಬಂತು, ಲಂಡನ್ನಿನ ವೇದಿಕೆ ದೊರೆಯಿತು. ನಮ್ಮ ಊರುಗಳ ಉತ್ಸವಗಳಲ್ಲಿ ರಾತ್ರಿಯಿಡೀ ನುಡಿಸುವ ವಾದಕರ ಹೆಸರಾದರೋ ಆಮಂತ್ರಣದ ಕೊನೆಯ ಸಾಲಿಗೂ ಏರುವುದು ಅಪರೂಪ. ಅವರು ಯಾರಲ್ಲಿ ಕಲಿತರು, ಮೊದಲ ವಾದ್ಯವನ್ನು ಎಲ್ಲಿಂದ ತಂದರು, ಮನೆಯ ನಾಗಸ್ವರವನ್ನು ಯಾವ ವರ್ಷ ಕೆಳಗಿಟ್ಟರು — ಇದೆಲ್ಲ ಗೊತ್ತಿರುವ ಹಿರಿಯರು ಸಂಘದ ಸದಸ್ಯರ ಮನೆಗಳಲ್ಲಿಯೇ ಇರಬಹುದು. ಮುಂದಿನ ಸಂಚಿಕೆಗೆ ಅವರಿಂದ ಕೇಳಿ ಬರೆದು ಕಳುಹಿಸಬೇಕೆಂದು ಕೋರುತ್ತೇವೆ.