ಚಿಂತೆಯೂ ಕಾಯಿಲೆಯಾದ ಕಥೆ

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂಬ ಮಾತನ್ನು ನೀವೂ ಕೇಳಿದ್ದೀರಿ. ಮಗಳು ಹತ್ತು ನಿಮಿಷ ತಡವಾದರೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಡವಗುಟ್ಟುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. 'ಅವರ ಸ್ವಭಾವವೇ ಹಾಗೆ' ಎಂದು ನಾವು ಸುಮ್ಮನಾಗುತ್ತೇವೆ. ವೈದ್ಯಶಾಸ್ತ್ರಕ್ಕೂ ಈ ಸ್ಥಿತಿಯನ್ನು ಬೇರೆಯಾಗಿ ಗುರುತಿಸಲು ಬಹಳ ಕಾಲ ಬೇಕಾಯಿತು.

1869ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಬಿಯರ್ಡ್ ದಣಿವು, ತಲೆನೋವು, ಕಳವಳಗಳನ್ನೆಲ್ಲ ಸೇರಿಸಿ ನರದೌರ್ಬಲ್ಯ ಎಂದರು. 1895ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಅದರಿಂದ ಆತಂಕವನ್ನು ಬೇರ್ಪಡಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಈ ಆತಂಕವನ್ನೂ ಎರಡಾಗಿ ಒಡೆಯಿತು. ಒಮ್ಮೆಲೇ ಎರಗುವ ಭಯ ಒಂದು. ಸದಾ ಕಾಡುವ 'ಸಾರ್ವತ್ರಿಕ ಆತಂಕದ ಕಾಯಿಲೆ' ಇನ್ನೊಂದು. ಆಗ ಒಂದು ತಿಂಗಳ ಲಕ್ಷಣ ಸಾಕಿತ್ತು. ಆದರೆ ಮದುವೆ, ಪರೀಕ್ಷೆ, ಸಾಲದ ಚಿಂತೆಯೂ ಒಂದು ತಿಂಗಳು ಕಾಡಬಹುದಲ್ಲವೇ? 1987ರಲ್ಲಿ ಅವಧಿಯನ್ನು ಆರು ತಿಂಗಳಿಗೆ ಏರಿಸಲಾಯಿತು.

ಇದು ಎಷ್ಟು ಜನರಲ್ಲಿದೆ? 1990-92ರ ಅಮೆರಿಕದ ಸಮೀಕ್ಷೆಯಂತೆ, ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಇದಕ್ಕೆ ತುತ್ತಾದವರು 100ಕ್ಕೆ ಸುಮಾರು 5 ಮಂದಿ. ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಇದರಿಂದ ಬಳಲುತ್ತಿದ್ದವರು 100ಕ್ಕೆ ಒಬ್ಬರಿಗಿಂತ ಕಡಿಮೆ. ಒಂದು ಲೆಕ್ಕ ಇಡೀ ಬದುಕಿನದು, ಇನ್ನೊಂದು ಆ ಹೊತ್ತಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕಾದ ಸಂಗತಿ ಬೇರೆ. ಇಂಥ ಸಾಮಾನ್ಯ ಮನೋವ್ಯಾಧಿಗಳಿದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾಯಿಲೆಯ ದೀರ್ಘ ಹಾದಿಯನ್ನು ತಿಳಿಯಲು 1989ರಲ್ಲಿ ಹಾರ್ವರ್ಡ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳ ತಜ್ಞರು ಚಿಕಿತ್ಸೆಗೆ ಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸತೊಡಗಿದರು. 12 ವರ್ಷಗಳಲ್ಲಿ ಚೇತರಿಸಿಕೊಂಡವರು 100ಕ್ಕೆ ಸುಮಾರು 58. ಚೇತರಿಸಿಕೊಂಡವರಲ್ಲೂ 100ಕ್ಕೆ ಸುಮಾರು 45 ಮಂದಿಗೆ ಅದು ಮರುಕಳಿಸಿತು. ಅಂದರೆ ಇದು ಜ್ವರದಂತೆ ಬಂದು ಹೋಗುವುದಲ್ಲ. ಏರುತ್ತ ಇಳಿಯುತ್ತ ಸಾಗುವಂಥದು. ಹಾಗೆಂದು ಬಿಡಿಸಲಾಗದ ಗಂಟೂ ಅಲ್ಲ.

ಆದ್ದರಿಂದ ಓದುಗರೇ, ಗುಣವಾದ ಮೇಲೆ ಚಿಂತೆ ಮತ್ತೆ ತಲೆಯೆತ್ತಿದರೆ ಚಿಕಿತ್ಸೆ ಸೋತಿತೆಂದು ಕೈಚೆಲ್ಲಬೇಡಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. 'ಸ್ವಭಾವ' ಎಂದು ನಾವು ತಳ್ಳಿಹಾಕಿದ್ದು ಒಬ್ಬರ ಹತ್ತಾರು ವರ್ಷಗಳ ನಿದ್ದೆಯನ್ನೇ ಕದ್ದಿರಬಹುದು; ಒಮ್ಮೆ ಕೇಳಿ ನೋಡಿ.